ಬನ್ನಣ್ಣನ ಇನ್ನೂರ ನಲವತ್ತು ಮೆಟ್ಟಿಲು

ಆ ಊರಿನಲ್ಲಿ ಯಾರನ್ನೇ ಮಾತಾಡಿಸಿ, ಮೊದಲು ಬರುವುದು ಮೆಟ್ಟಿಲಿನ ದೂರು. ಬೆಟ್ಟದ ನೆತ್ತಿಯ ಮೇಲೆ ಕೂತ ಊರು ಅದು. ಕೆಳಗಿನ ಪೇಟೆಯಿಂದ ಮೇಲಿನ ಬೀದಿಗೆ ಇನ್ನೂರ ನಲವತ್ತು ಕಲ್ಲು ಮೆಟ್ಟಿಲು, ನಲವತ್ತಕ್ಕೊಂದರಂತೆ ಕೂತು ದಣಿವಾರಿಸಿಕೊಳ್ಳಲು ಆರು ಕಟ್ಟೆ. ತರಕಾರಿ ಚೀಲ ಹಿಡಿದವರು, ಶಾಲೆಯ ಮೇಷ್ಟ್ರು, ಗಟ್ಟಿಮುಟ್ಟಾದ ಹರೆಯದವರು, ಯಾರೇ ಆಗಲಿ ಮೂರನೆಯ ಕಟ್ಟೆ ಮುಟ್ಟುವಷ್ಟರಲ್ಲಿ ಮಾತು ನಿಲ್ಲಿಸಿ ಏದುಸಿರು ಬಿಡುತ್ತಿದ್ದರು. ಅಷ್ಟು ಎತ್ತರದಲ್ಲಿ ಗಾಳಿ ತೆಳುವು. ಕೆಳಗಿನ ಊರುಗಳಲ್ಲಿ ಒಂದು ಉಸಿರಿಗೆ ಸಿಗುವಷ್ಟು ಆಮ್ಲಜನಕ ಅಲ್ಲಿ ಸಿಗುವುದಿಲ್ಲ. ಅಲ್ಲೇ ಹುಟ್ಟಿ ಬೆಳೆದವರಿಗೆ ಅದು ಒಗ್ಗಿಹೋಗಿತ್ತು. ಹೊಸಬರಿಗೆ ಮಾತ್ರ ದಿನವೂ ಹೊಸ ಪರೀಕ್ಷೆ.

ಹೊಸಬರಲ್ಲಿ ಹೊಸಬ ಬನ್ನಣ್ಣ. ಕೆಳಗಿನ ಬಯಲಿನಲ್ಲಿ ಬಾಡಿಗೆಗೆ ನಡೆಸುತ್ತಿದ್ದ ಬೇಕರಿ ಬಿಟ್ಟು, ಇದ್ದಬದ್ದ ಸಾಮಾನೆಲ್ಲ ಕಟ್ಟಿಕೊಂಡು, ಹೆಂಡತಿ, ಮಗಳು ಮತ್ತು ಅತ್ತೆಯ ಜೊತೆ ಅವನು ಮೇಲಿನ ಬೀದಿಯ ಬೇಕರಿಗೆ ಬಂದಿದ್ದ. ಊರಿನ ಸಹಕಾರ ಸಂಘದ ಬೇಕರಿ ಅದು. ಇಟ್ಟಿಗೆಯ ಹಳೆಯ ಭಟ್ಟಿ, ಹಿಟ್ಟು ನಾದಲು ಉದ್ದನೆಯ ಮರದ ಮೇಜು, ಮೇಲೆ ವಾಸಕ್ಕೆ ಎರಡು ಕೋಣೆ. ಒಂದು ಕೋಣೆಯ ಕಿಟಕಿಯಿಂದ ಇನ್ನೂರ ನಲವತ್ತು ಮೆಟ್ಟಿಲೂ ಕಾಣುತ್ತಿದ್ದವು. ಅತ್ತೆ ಆ ಕಿಟಕಿಯ ಪಕ್ಕ ಕುರ್ಚಿ ಹಾಕಿಸಿಕೊಂಡು, ತೊಡೆಯ ಮೇಲೆ ಉಣ್ಣೆ ಇಟ್ಟುಕೊಂಡು ಕೂತವರು, ಊಟಕ್ಕೂ ನಿದ್ದೆಗೂ ಬಿಟ್ಟರೆ ಏಳುತ್ತಿರಲಿಲ್ಲ. ಗಾಳಿಯೇ ಕಡಿಮೆ ಇರುವ ಕಡೆ ಅದನ್ನು ಓಡಾಡಿ ಖರ್ಚು ಮಾಡಬಾರದು ಎನ್ನುವುದು ಅವರ ಲೆಕ್ಕಾಚಾರ.

ಬಂದ ಮೊದಲ ಹತ್ತು ದಿನ ಬನ್ನಣ್ಣನಿಗೆ ಅಳುವುದೊಂದೇ ಬಾಕಿ. ಮೈದಾ ಅದೇ, ಈಸ್ಟು ಅದೇ, ನಾದುವ ಕೈಯೂ ಅದೇ. ಆದರೂ ಹಿಟ್ಟು ಕಣ್ಣೆದುರೇ ಬೆಲೂನಿನಂತೆ ಉಬ್ಬಿ, ಭಟ್ಟಿಗೆ ಹೋದ ಮೇಲೆ ನಡು ಕುಸಿದು ಬಟ್ಟಲಿನಂತಾಗುತ್ತಿತ್ತು. ಸರಿಯಾಗಿ ಬಂದದ್ದು ಬನ್ನು ಒಂದೇ. ಅದಕ್ಕೇ ಊರು ಅವನಿಗೆ ಆ ಹೆಸರಿಟ್ಟಿತು. ಕೊನೆಗೆ ಅವನು ಪಟ್ಟು ಹಿಡಿದು ಹದ ಕಂಡುಕೊಂಡ. ಈಸ್ಟನ್ನು ಕಡಿಮೆ ಮಾಡಿದ, ನೀರನ್ನು ಚೂರು ಹೆಚ್ಚಿಸಿದ, ಹಿಟ್ಟಿನ ಬೋಗುಣಿಯನ್ನು ಭಟ್ಟಿಯ ಬಿಸಿಯಿಂದ ಕಿಟಕಿಯ ತಂಪಿಗೆ ಸರಿಸಿದ. ಹನ್ನೊಂದನೆಯ ದಿನ ಬ್ರೆಡ್ಡು ತಲೆಯೆತ್ತಿ ನಿಂತಿತು. ಅಂದಿನಿಂದ ಅಂಗಡಿಗೆ ಬಂದವರಿಗೆಲ್ಲ ಅದೇ ಪುರಾಣ. ಬ್ರೆಡ್ಡು ಕೊಳ್ಳಲು ಬಂದವರು ಕಥೆ ಕೇಳದೆ ಹೊರಗೆ ಹೋಗುವಂತಿರಲಿಲ್ಲ.

ಆರನೆಯ ವಾರ ಸಂಘದ ಕಾಗದ ಬಂತು. ಬೇಕರಿ ನಡೆಸುವವರು ಮೂರು ತಿಂಗಳೊಳಗೆ ಡಾಕ್ಟರರಿಂದ ಆರೋಗ್ಯದ ಪತ್ರ ತರಬೇಕು. ಈ ನಿಯಮ ಸುಮ್ಮನೆ ಮಾಡಿದ್ದಲ್ಲ. ಹಿಂದಿನ ಬೇಕರಿಯವನು ಒಂದು ದಿನ ತಲೆ ಸುತ್ತಿ ಭಟ್ಟಿಯ ಬಾಯಿಗೆ ಕೈಯೂರಿ ಬಿದ್ದು, ಮೊಣಕೈವರೆಗೆ ಸುಟ್ಟುಕೊಂಡಿದ್ದ.

ಆರೋಗ್ಯ ಕೇಂದ್ರ ಎಂದರೆ ನಾಲ್ಕನೆಯ ಕಟ್ಟೆಯ ಪಕ್ಕದ ನೀಲಿ ಬಾಗಿಲಿನ ಮನೆ. ಡಾಕ್ಟರು ವಾರಕ್ಕೆರಡು ದಿನ ಬರುತ್ತಿದ್ದರು, ನರ್ಸಮ್ಮ ಎಲ್ಲ ದಿನವೂ ಇರುತ್ತಿದ್ದರು. ತೋಳಿಗೆ ಪಟ್ಟಿ ಕಟ್ಟಿ ನೋಡಿದರೆ ಬನ್ನಣ್ಣನ ಬಿಪಿ ನೂರ ಐವತ್ತಾರು, ಕೆಳಗಿನದು ತೊಂಬತ್ತೆಂಟು. ಬೆರಳಿಗೆ ಕ್ಲಿಪ್ಪಿನಂಥ ಪುಟ್ಟ ಯಂತ್ರ ಸಿಕ್ಕಿಸಿ ಆಮ್ಲಜನಕವನ್ನೂ ನೋಡಿದರು. ಈ ಎತ್ತರಕ್ಕೆ ಅದು ಪರವಾಗಿಲ್ಲ ಎಂದರು. ಡಾಕ್ಟರು ದಿನಕ್ಕೊಂದು ಮಾತ್ರೆ ಬರೆದರು, ಉಪ್ಪು ಕಡಿಮೆ ಮಾಡಿ ಎಂದರು, ದಿನಾ ಮೈ ಆಡಿಸಬೇಕು, ಹೇಗೆ ಎಷ್ಟು ಎಂಬುದನ್ನು ನರ್ಸಮ್ಮ ಹೇಳಿಕೊಡುತ್ತಾರೆ ಎಂದರು. ಆರು ವಾರ ಬಿಟ್ಟು ಬನ್ನಿ, ಬಿಪಿ ಇಳಿದಿದ್ದರೆ ಸಹಿ, ಇಲ್ಲದಿದ್ದರೆ ನೀವು ಕೆಳಗಿನ ಊರಿಗೆ ಹೋಗುವುದೇ ಒಳ್ಳೆಯದು ಎಂದೂ ಮೆತ್ತಗೆ ಹೇಳಿದರು.

ಕೊನೆಯ ಮಾತು ಕಿವಿಗೆ ಬಿದ್ದದ್ದೇ ತಡ, ನಡುವಿನದೆಲ್ಲ ಬನ್ನಣ್ಣನ ತಲೆಯಿಂದ ಹಾರಿಹೋಯಿತು. ಕೆಳಗೆ ಈಗ ಅವನಿಗೆ ಬೇಕರಿ ಇಲ್ಲ, ಮನೆಯೂ ಇಲ್ಲ. ಮಗಳಿಗೆ ಹೊಸ ಶಾಲೆಯಲ್ಲಿ ಗೆಳತಿಯರಾಗಿದ್ದರು. ಆ ಹಳೆಯ ಭಟ್ಟಿಯಂಥ ಭಟ್ಟಿ ಅವನ ಜನ್ಮದಲ್ಲಿ ಸಿಕ್ಕಿರಲಿಲ್ಲ. ‘ಮೈ ಆಡಿಸಬೇಕು’ ಎಂಬುದೊಂದು ನೆನಪಿನಲ್ಲಿ ಉಳಿಯಿತು. ನರ್ಸಮ್ಮ ಕೂರಿ ಎನ್ನುವಷ್ಟರಲ್ಲಿ ಅವನು ಬಾಗಿಲು ದಾಟಿದ್ದ.

ಮಾರನೆಯ ಬೆಳಿಗ್ಗೆಯಿಂದ ಬನ್ನಣ್ಣ ಓಡತೊಡಗಿದ. ಮೊದಲ ಸಲದ ಬ್ರೆಡ್ಡು ಭಟ್ಟಿಯಿಂದ ಇಳಿದ ಕೂಡಲೇ ಏಪ್ರನ್ನು ಬಿಚ್ಚಿ ಎಸೆದು, ಪೇಟೆಯವರೆಗೆ ಇಳಿದು, ಅಲ್ಲಿಂದ ತಿರುಗಿ ಮೇಲಕ್ಕೆ ಒಂದೇ ಉಸಿರಿಗೆ ಓಟ. ಹೀಗೆ ಮೂರು ಸಲ. ಬಯಲಿನಲ್ಲಿ ಇದ್ದಾಗ ಅವನು ಓಟಗಾರನೇ. ಮೈದಾ ಮೂಟೆ ಹೊತ್ತು ಓಡುವ ಪಂದ್ಯದಲ್ಲಿ ಗೆದ್ದ ತಟ್ಟೆ ಈಗಲೂ ಗೋಡೆಯ ಮೇಲಿತ್ತು. ಆ ವೇಗವನ್ನೇ ಅವನು ಇಲ್ಲಿಗೂ ಹೊತ್ತು ತಂದಿದ್ದ.

ಮೆಟ್ಟಿಲ ಮೇಲೆ ಅವನಿಗೆ ದಿನವೂ ಸಿಗುತ್ತಿದ್ದವರು ಅಂಚೆಯಣ್ಣ. ಅರವತ್ತಕ್ಕೆ ಎರಡು ಕಡಿಮೆ. ಹೆಗಲ ಮೇಲೆ ಚೀಲ, ಬಾಯಲ್ಲಿ ಯಾರದೋ ಮನೆಯ ಸುದ್ದಿ, ಕಾಲಿಗೆ ಒಂದೇ ನಡೆ. ಮೊದಲ ಕಟ್ಟೆಯ ಹತ್ತಿರ ಬನ್ನಣ್ಣ ಬಾಣದಂತೆ ಅವರನ್ನು ದಾಟುತ್ತಿದ್ದ. ನಾಲ್ಕನೆಯ ಕಟ್ಟೆಯಲ್ಲಿ ಕಂಬಿ ಹಿಡಿದು ಬಗ್ಗಿ ನಿಂತವನನ್ನು ಅಂಚೆಯಣ್ಣ ದಾಟುತ್ತಿದ್ದರು.

“ಏನು ತಮ್ಮ, ಬಿದ್ದಿದ್ದೇನಾದ್ರೂ ಹುಡುಕ್ತಿದ್ದೀಯಾ?” ಎಂದು ಒಂದು ದಿನ ಕೇಳಿದರು.

ಬನ್ನಣ್ಣನಿಗೆ ಉತ್ತರ ಕೊಡುವ ಆಸೆ ಬಹಳ ಇತ್ತು. ಉಸಿರು ಇರಲಿಲ್ಲ.

ಕಿಟಕಿಯಿಂದ ಅತ್ತೆ ಎಲ್ಲ ನೋಡುತ್ತಿದ್ದರು. ಅಳಿಯ ಎಷ್ಟು ಸಲ ನಿಂತ ಎಂಬುದಕ್ಕೆ ಉಣ್ಣೆಯ ದಾರದಲ್ಲಿ ಗಂಟು ಹಾಕಿ ಎಣಿಸುತ್ತಿದ್ದರು. “ಅಳಿಯಂದ್ರು ಇವತ್ತು ಒಂಬತ್ತು ಗಂಟು,” ಎಂದು ಊಟದ ಹೊತ್ತಿಗೆ ತಮ್ಮ ಮಗಳಿಗೆ ವರದಿ ಒಪ್ಪಿಸುತ್ತಿದ್ದರು. ಸುಮ್ಮನೆ ಕೂತರೆ ಬಿಪಿ ತಾನೇ ಇಳಿಯುತ್ತದೆ ಎಂದು ಅವರು, ಬೆವರು ಹರಿದರೆ ಮಾತ್ರ ಇಳಿಯುತ್ತದೆ ಎಂದು ಅವನು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತೆ, ನಡುವೆ ಸಿಕ್ಕವಳು ಹೆಂಡತಿ. ಅವಳ ಕಣ್ಣಿಗೆ ಬಿದ್ದದ್ದು ಬೇರೆ. ಗಂಡನಿಗೆ ಮಧ್ಯಾಹ್ನ ತಲೆನೋವು ಬರುತ್ತಿತ್ತು. ನಿದ್ದೆ ಕೆಟ್ಟಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಗಿರಾಕಿಗಳು ಕಥೆ ಕೇಳದೆ ಅಂಗಡಿಯಿಂದ ಹೋಗುತ್ತಿದ್ದರು. ಇದು ಅವಳಿಗೆ ಬಿಪಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

ಹದಿನೈದನೆಯ ದಿನ ಮೂರನೆಯ ಸುತ್ತಿನಲ್ಲಿ, ನಾಲ್ಕನೆಯ ಕಟ್ಟೆಯ ಹತ್ತಿರ ಬನ್ನಣ್ಣನಿಗೆ ಕಣ್ಣು ಕತ್ತಲಿಟ್ಟಿತು. ಹಿಂದೆಯೇ ಬರುತ್ತಿದ್ದ ಅಂಚೆಯಣ್ಣ ತೋಳು ಹಿಡಿಯದಿದ್ದರೆ ಅವನು ಕಂಬಿಯ ಮೇಲೆ ಬೀಳುತ್ತಿದ್ದ. ನೀಲಿ ಬಾಗಿಲು ಹತ್ತಿರವೇ ಇತ್ತು. ನರ್ಸಮ್ಮ ಅವನನ್ನು ಮಲಗಿಸಿ, ಎದೆ ನೋಯುತ್ತಿದೆಯೇ, ಉಸಿರು ಕಟ್ಟುತ್ತಿದೆಯೇ, ಕೆಮ್ಮು ಇದೆಯೇ ಎಂದು ಒಂದೊಂದಾಗಿ ಕೇಳಿದರು. ಅದು ಡಾಕ್ಟರು ಬರುವ ದಿನ. ಅವರೂ ಎದೆಯ ಪರೀಕ್ಷೆ ಮಾಡಿ, ಸದ್ಯ ಗಾಬರಿಯಿಲ್ಲ, ಆದರೆ ಈ ಓಟ ಇವತ್ತಿಗೇ ನಿಲ್ಲಬೇಕು ಎಂದರು. ಸುಧಾರಿಸಿಕೊಂಡು ಅರ್ಧ ಗಂಟೆಯಾದ ಮೇಲೂ ಬಿಪಿ ನೂರ ಅರವತ್ತೆರಡು. ಇಳಿಯಬೇಕಾದದ್ದು ಏರಿತ್ತು.

ಸುದ್ದಿ ತಿಳಿದು ಹೆಂಡತಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಬನ್ನಣ್ಣ ಮಂಚದ ಅಂಚಿಗೆ ಕೂತು ಪಾದ ನೋಡುತ್ತಿದ್ದ. ನರ್ಸಮ್ಮ ಬೈಯಲಿಲ್ಲ. ಮೇಜಿನ ಡ್ರಾಯರಿನಿಂದ ಬಿಪಿ ಯಂತ್ರದ ಎರಡು ರಬ್ಬರ್ ಕೊಳವೆ ತೆಗೆದು ಅವನ ಕೈಗಿಟ್ಟರು. ಒಂದು ಹೊಸದು, ಹಿಸುಕಿದರೆ ಬಗ್ಗಿ ಮತ್ತೆ ಅರಳುತ್ತಿತ್ತು. ಇನ್ನೊಂದು ಹಳೆಯದು, ಕಟ್ಟಿಗೆಯಂತೆ ಗಟ್ಟಿ, ಮೈಯೆಲ್ಲ ಬಿರುಕು.

“ನಿಮ್ಮ ರಕ್ತನಾಳಾನೂ ಕೊಳವೇನೇ, ಬನ್ನಣ್ಣ. ಆದ್ರೆ ಜೀವ ಇರೋ ಕೊಳವೆ,” ಎಂದರು. “ನೀವು ಬ್ರೆಡ್ ಡಬ್ಬಿಗೆ ಒಳಗಡೆ ಎಣ್ಣೆ ಸವರ್ತೀರಲ್ಲ, ಅಷ್ಟು ತೆಳ್ಳಗೆ ಅದಕ್ಕೊಂದು ಒಳಪದರ ಇರುತ್ತೆ. ಎಲ್ಲಾ ಮರ್ಮ ಇರೋದು ಅದರಲ್ಲೇ.”

ಮುಂದಿನದನ್ನು ಅವರು ನಿಧಾನವಾಗಿ ಬಿಡಿಸಿ ಹೇಳಿದರು. ನಾವು ಚುರುಕಾಗಿ ನಡೆದಾಗ ರಕ್ತ ಜೋರಾಗಿ ಹರಿದು ಆ ಪದರವನ್ನು ಸವರಿಕೊಂಡು ಹೋಗುತ್ತದೆ. ಆಗ ಪದರವು ಒಂದು ವಸ್ತುವನ್ನು ಬಿಡುಗಡೆ ಮಾಡುತ್ತದೆ, ನಾಳ ಸಡಿಲಾಗಿ ಅಗಲವಾಗುತ್ತದೆ. ದಿನವೂ ಹೀಗಾದರೆ ನಾಳ ಹಿಗ್ಗಿ ಕುಗ್ಗುವುದನ್ನು ಚೆನ್ನಾಗಿ ರೂಢಿಸಿಕೊಳ್ಳುತ್ತದೆ. ಕೂತೇ ಇದ್ದರೆ ಆ ರೂಢಿ ತಪ್ಪಿ ನಾಳ ಬಿಗಿಯತೊಡಗುತ್ತದೆ. ಹಾಗೆಂದು ಮೈ ಮುರಿಯುವಂತೆ ಮಾಡಿದರೂ ಕಷ್ಟ. ತೆಳು ಗಾಳಿಯಲ್ಲಿ ಆಮ್ಲಜನಕ ಸಾಲದೆ ದೇಹ ಮೊದಲೇ ಒತ್ತಡದಲ್ಲಿರುತ್ತದೆ, ಎದೆ ಹೆಚ್ಚು ಬಡಿಯುತ್ತದೆ, ಹೊಸಬರಲ್ಲಿ ಬಿಪಿಯೂ ಏರುತ್ತದೆ. ಅದರ ಮೇಲೆ ಸರ್ವಶಕ್ತಿ ಹಾಕಿ ಓಡಿದರೆ, ಸುಧಾರಿಸಿಕೊಳ್ಳಲು ಬಿಡುವೂ ಕೊಡದಿದ್ದರೆ, ಆ ಒಳಪದರಕ್ಕೆ ಲಾಭಕ್ಕಿಂತ ಸವೆತವೇ ಹೆಚ್ಚಾಗಬಹುದು.

“ಬಯಲಲ್ಲಿ ನಾನು ಇದರ ಎರಡರಷ್ಟು ಓಡ್ತಿದ್ದೆ,” ಎಂದ ಬನ್ನಣ್ಣ.

“ಅಲ್ಲಿ ಹಗುರ ಅನ್ನಿಸಿದ್ದ ವೇಗ ಇಲ್ಲಿ ಭಾರ. ಕಾಲಿಗೆ ಗೊತ್ತಾಗಲ್ಲ, ಎದೆಗೆ ಗೊತ್ತಾಗುತ್ತೆ.”

ಬನ್ನಣ್ಣ ಒಪ್ಪಲಿಲ್ಲ. ಕೈಯಲ್ಲಿದ್ದ ಹಳೆಯ ಕೊಳವೆಯನ್ನು ತಿರುಗಿಸುತ್ತ, ಚೆನ್ನಾಗಿ ಗುದ್ದಿ ನಾದಿದ ಹಿಟ್ಟೇ ಒಳ್ಳೆ ಬ್ರೆಡ್ಡಾಗುವುದು, ಮೈಯೂ ಹಾಗೇ ಎಂದು ವಾದ ಹೂಡಿದ. ಅದಕ್ಕಿಂತ ದೊಡ್ಡದೊಂದು ಅವನ ಎದೆಯಲ್ಲಿತ್ತು. ಅದು ಕೊನೆಗೆ ಬಾಯಿಗೆ ಬಂತು.

“ಇರೋದು ನಾಲ್ಕೇ ವಾರ, ಸಿಸ್ಟರ್. ನಿಧಾನ ಅಂತ ಕೂತ್ರೆ ಮುಗೀತು. ಕೆಳಗೆ ನಮಗೆ ಏನೂ ಉಳಿದಿಲ್ಲ.”

ಹೆಂಡತಿ ಗಂಡನ ಮುಖ ನೋಡಿದಳು. ಮನೆಯಲ್ಲಿ ಇಷ್ಟು ದಿನವೂ ಅವನು ಈ ಮಾತನ್ನು ಆಡಿರಲಿಲ್ಲ, ಓಡಿ ಓಡಿಯೇ ತಪ್ಪಿಸಿಕೊಂಡಿದ್ದ. ನಾಲ್ಕು ವಾರದಲ್ಲಿ ಬಿಪಿ ಇಳಿದೇ ಇಳಿಯುತ್ತದೆಂದು ತಾನು ಗ್ಯಾರಂಟಿ ಕೊಡಲಾರೆ ಎಂದು ನರ್ಸಮ್ಮ ನೇರವಾಗಿಯೇ ಹೇಳಿದರು. ಎರಡು ದಿನ ವಿಶ್ರಾಂತಿ, ಮಾತ್ರೆ ತಪ್ಪಬಾರದು, ಮೂರನೆಯ ದಿನ ಇಬ್ಬರೂ ಬನ್ನಿ, ನಡೆಯುವುದು ಹೇಗೆಂದು ತೋರಿಸುತ್ತೇನೆ ಎಂದರು.

ಬನ್ನಣ್ಣ ತಲೆಯಾಡಿಸಿದ. ಆ ತಲೆಯಾಡಿಸುವಿಕೆಯನ್ನು ಹದಿನಾರು ವರ್ಷದಿಂದ ಬಲ್ಲವಳು ಹೆಂಡತಿ. ಹೂಂ ಎಂದು ಬಂದು ತನಗೆ ಬೇಕಾದ್ದನ್ನೇ ಮಾಡುವ ತಲೆ ಅದು. ಎರಡನೆಯ ದಿನವೇ ಅವನು ಓಡುವ ಬೂಟನ್ನು ಒರೆಸಿ ಬಾಗಿಲ ಹತ್ತಿರ ಇಟ್ಟದ್ದನ್ನು ಅವಳು ನೋಡಿದಳು. ಕೆಳಗಿಳಿದು ಹೋಗಿ, ಒಂದು ಚಿಕ್ಕ ಬೋಗುಣಿಯಲ್ಲಿ ತಾನೇ ಹಿಟ್ಟು ಕಲಸಿದಳು. ಬಯಲಿನ ಬೇಕರಿಯ ಹಳೆಯ ಅಳತೆಯಲ್ಲೇ ಈಸ್ಟು ಹಾಕಿದಳು. ಬೋಗುಣಿಯನ್ನು ಭಟ್ಟಿಯ ಪಕ್ಕದ ಬಿಸಿಗೆ ಇಟ್ಟಳು.

ಬನ್ನಣ್ಣ ಕೆಳಗೆ ಬರುವಷ್ಟರಲ್ಲಿ ಹಿಟ್ಟು ಬೋಗುಣಿಯ ಅಂಚು ದಾಟಿ ಮೇಜಿನ ಮೇಲೆ ಇಳಿಯುತ್ತಿತ್ತು.

“ಇದ್ಯಾರು ಮಾಡಿದ್ದು?”

“ನಾನೇ. ಅವಸರ ಇತ್ತು. ಬೇಗ ಉಬ್ಬಲಿ ಅಂತ,” ಎಂದಳು ಹೆಂಡತಿ ತಣ್ಣಗೆ. ಅಷ್ಟರಲ್ಲಿ ಅದರಲ್ಲೇ ಒಂದು ಡಬ್ಬಿ ತುಂಬಿ ಭಟ್ಟಿಗೂ ಹಾಕಿದ್ದಳು. ತೆಗೆದು ನೋಡಿದರೆ ನಡು ಕುಸಿದು, ಥೇಟು ಆ ಮೊದಲ ಹತ್ತು ದಿನದ ಬಟ್ಟಲು.

ಎರಡು ವಾರದಿಂದ ಪುರಾಣವಿಲ್ಲದೆ ಕಟ್ಟಿಹೋಗಿದ್ದ ಬನ್ನಣ್ಣನ ನಾಲಿಗೆ ಸಡಿಲಾಯಿತು. “ಎಷ್ಟು ಸಲ ಹೇಳಿದ್ದೀನಿ ನಿಂಗೆ? ಗಾಳಿ ತೆಳ್ಳಗಿರೋ ಕಡೆ ಕೆಳಗಿನ ಅಳತೆ ನಡೆಯಲ್ಲ. ಇಲ್ಲಿ ಕಮ್ಮಿ ಹಾಕ್ಬೇಕು, ಹೊತ್ತು ಕೊಡ್ಬೇಕು, ತಾನಾಗಿ ಬೆಳೆಯೋಕೆ ಬಿಡ್ಬೇಕು. ಅವಸರ ಮಾಡಿದ್ರೆ ಉಬ್ಬುತ್ತೆ, ನಿಲ್ಲಲ್ಲ...”

ಹೇಳುತ್ತ ಹೇಳುತ್ತ ಅವನ ದನಿ ಇಳಿಯಿತು. ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅವನನ್ನೇ ನೋಡುತ್ತಿದ್ದಳು.

“ಮುಂದುವರಿಸ್ರೀ,” ಎಂದಳು. “ಈಗ ಹೇಳಿದ್ದನ್ನೇ ಆ ಬೂಟಿಗೂ ಒಂದ್ಸಲ ಹೇಳಿ.”

ಬನ್ನಣ್ಣ ಕುಸಿದ ಬ್ರೆಡ್ಡನ್ನು ನೋಡಿದ. ಬಾಗಿಲ ಹತ್ತಿರದ ಬೂಟನ್ನು ನೋಡಿದ. ಮಹಡಿಯ ಮೆಟ್ಟಿಲಿನಿಂದ ಅತ್ತೆಯ ದನಿ ತೇಲಿ ಬಂತು. “ಹೇಳೋದು ಪುರಾಣ, ತಿನ್ನೋದು ಬದನೆಕಾಯಿ, ಅಂತಾರಲ್ಲ ಅಳಿಯಂದ್ರೇ, ಇದಕ್ಕೇ.” ಮಾತು ಕೇಳುವ ಆಸೆಗೆ ಅತ್ತೆ ಕುರ್ಚಿ ಬಿಟ್ಟು ಆರು ಮೆಟ್ಟಿಲು ಇಳಿದು ಬಂದಿದ್ದರು. ಅದು ಆ ತಿಂಗಳಲ್ಲಿ ಅವರ ಅತಿ ದೊಡ್ಡ ಪ್ರಯಾಣ. ಮೊದಲು ನಕ್ಕವನು ಬನ್ನಣ್ಣನೇ.

ಮೂರನೆಯ ದಿನ ಗಂಡ ಹೆಂಡತಿ ಇಬ್ಬರೂ ನೀಲಿ ಬಾಗಿಲು ತಟ್ಟಿದರು. ನರ್ಸಮ್ಮ ಹೇಳಿದ ಪಾಠಕ್ಕೆ ಗಡಿಯಾರವೂ ಬೇಕಿರಲಿಲ್ಲ.

“ನಡೀತಾ ಇರುವಾಗ ಮಾತಾಡೋಕೆ ಆಗ್ಬೇಕು, ಹಾಡೋಕೆ ಆಗ್ಬಾರ್ದು. ಹಾಡೋಕೆ ಆದ್ರೆ ಸ್ವಲ್ಪ ಚುರುಕಾಗಿ. ವಾಕ್ಯ ನಡುವೆ ತುಂಡಾದ್ರೆ ನಿಧಾನ. ಅಷ್ಟೇ.”

ಇದನ್ನು ಕೇಳಿ ಹೆಂಡತಿಗೆ ನಗು ತಡೆಯಲಾಗಲಿಲ್ಲ. ಮದುವೆಯಾಗಿ ಇಷ್ಟು ವರ್ಷಕ್ಕೆ ಇವರ ಮಾತು ಒಂದು ಉಪಯೋಗಕ್ಕೆ ಬಂತು ಎಂದಳು.

ಅಂದಿನಿಂದ ದಿನವೂ ಬೆಳಗಿನ ಬ್ರೆಡ್ಡು ಇಳಿದ ಮೇಲೆ ಇಬ್ಬರೂ ಹೊರಡುತ್ತಿದ್ದರು. ಮೊದಲ ವಾರ ಮೆಟ್ಟಿಲೇ ಇಲ್ಲ. ಮೇಲಿನ ಬೀದಿಯಿಂದ ನೀರಿನ ಟ್ಯಾಂಕಿನವರೆಗೆ ಸಮತಟ್ಟಾದ ದಾರಿ, ಹೋಗಿ ಬಂದರೆ ಅರ್ಧ ಗಂಟೆ. ಬನ್ನಣ್ಣ ಕಥೆ ಹೇಳಬೇಕು, ಹೆಂಡತಿ ವಾಕ್ಯ ತುಂಡಾಯಿತೇ ಎಂದು ಕಿವಿಗೊಡಬೇಕು. ಎರಡನೆಯ ವಾರದಿಂದ ಮೆಟ್ಟಿಲು ಸೇರಿತು. ನಡಿಗೆಯ ಕೊನೆಗೆ ಎರಡು ಕಟ್ಟೆ ಇಳಿದು ಹತ್ತುವುದು, ಆಮೇಲೆ ಮೂರು. ವಾರಕ್ಕೊಂದು ದಿನ ಪೂರ್ತಿ ಬಿಡುವು. ಆ ಬಿಡುವಿನ ದಿನ ಬನ್ನಣ್ಣನಿಗೆ ಕಾಲು ತುರಿಸುತ್ತಿತ್ತು. ಹಿಟ್ಟು ಉಬ್ಬುವುದು ನಾದುವಾಗ ಅಲ್ಲ, ನಾದಿ ಸುಮ್ಮನೆ ಬಿಟ್ಟಾಗ ಎಂದು ತನಗೆ ತಾನೇ ಹೇಳಿಕೊಂಡು ಕೂರುತ್ತಿದ್ದ.

ತಮಾಷೆಯೆಂದರೆ, ಅವನಿಗೆ ಸಿಗುವ ಜೊತೆ ಬೆಳೆಯಿತು. ಮೆಟ್ಟಿಲ ಮೇಲೆ ಅಂಚೆಯಣ್ಣ ಸಿಕ್ಕರೆ ಮೂವರೂ ಒಂದೇ ನಡೆಯಲ್ಲಿ ಹತ್ತುತ್ತಿದ್ದರು. ಮೂವತ್ತು ವರ್ಷದಿಂದ ತಾನು ಒಂದೇ ವೇಗದಲ್ಲಿ ಹತ್ತುತ್ತಿರುವುದು ಬುದ್ಧಿವಂತಿಕೆಯಿಂದಲ್ಲ, ಸುದ್ದಿ ಹೇಳುವುದು ನಿಲ್ಲಬಾರದೆಂಬ ಕಾರಣಕ್ಕೆ ಎಂದು ಅಂಚೆಯಣ್ಣ ಒಪ್ಪಿಕೊಂಡರು. ಅತ್ತೆಯ ಉಣ್ಣೆಯ ದಾರದಲ್ಲಿ ಗಂಟು ಕಡಿಮೆಯಾಗುತ್ತ ಬಂತು. ಎಣಿಸಲು ಏನೂ ಉಳಿಯದಾದಾಗ ಅವರಿಗೆ ಬೇಸರ ಹುಟ್ಟಿತು. ಒಂದು ದಿನ ಕೋಲು ಹಿಡಿದು ನೀರಿನ ಟ್ಯಾಂಕಿನ ದಾರಿಯಲ್ಲಿ ಹತ್ತು ಮನೆ ದಾಟುವವರೆಗೆ ಬಂದರು. ಮರುದಿನ ಹನ್ನೆರಡು ಮನೆ. ಗಾಳಿ ಖರ್ಚಾಗುವುದಿಲ್ಲವೇ ಎಂದು ಅಳಿಯ ಕೆಣಕಿದ್ದಕ್ಕೆ, ಖರ್ಚು ಮಾಡಿದಷ್ಟೂ ಮರಳಿ ಬರುತ್ತಿದೆ, ಯಾಕೋ ಗೊತ್ತಿಲ್ಲ ಎಂದರು.

ಮೂರನೆಯ ವಾರ ಬನ್ನಣ್ಣ ಮತ್ತೆ ನರ್ಸಮ್ಮನ ತಲೆ ತಿಂದ. ಇನ್ನಾದರೂ ಸ್ವಲ್ಪ ಜೋರು ಮಾಡಬಹುದೇ? ನರ್ಸಮ್ಮ ಡಾಕ್ಟರರನ್ನು ಕೇಳಿಯೇ ಉತ್ತರ ಕೊಟ್ಟರು. ದೇಹ ಒಗ್ಗಿದ ಮೇಲೆ, ನಡುನಡುವೆ ಒಂದೊಂದು ನಿಮಿಷ ಜೋರು ನಡಿಗೆ, ಆಮೇಲೆ ಎರಡು ಮೂರು ನಿಮಿಷ ಹಗುರ ನಡಿಗೆ, ಹೀಗೆ ಮಾಡಿದರೆ ಕೆಲವರ ರಕ್ತನಾಳಕ್ಕೆ ಇನ್ನೂ ಹೆಚ್ಚು ಲಾಭವಿದೆ ಎನ್ನುವ ಸಂಶೋಧಕರಿದ್ದಾರೆ. ತೆಳು ಗಾಳಿಯಲ್ಲಿ ಎಷ್ಟು ಜೋರು ಸರಿ ಎಂಬುದರ ಬಗ್ಗೆ ಅವರಲ್ಲೇ ಇನ್ನೂ ಚರ್ಚೆ ನಡೆದಿದೆ. ಬಂದ ಹೊಸದರಲ್ಲೇ ಮೈ ಮುರಿದು ಓಡಿ ಎಂದು ಮಾತ್ರ ಯಾವ ವೈದ್ಯರೂ ಹೇಳುವುದಿಲ್ಲ. ಬಿಪಿ ಇರುವವರಂತೂ ಡಾಕ್ಟರರ ಒಪ್ಪಿಗೆಯಿಲ್ಲದೆ ಮುಟ್ಟುವ ವಿಷಯವಲ್ಲ ಅದು. ಬನ್ನಣ್ಣನಿಗೆ ಸಿಕ್ಕ ಅಪ್ಪಣೆ, ವಾರಕ್ಕೆ ಎರಡು ದಿನ, ಸಮತಟ್ಟಾದ ದಾರಿಯಲ್ಲಿ, ಮೂರು ಸಲ, ಒಂದೊಂದೇ ನಿಮಿಷ. ಅವನು ನಾಲ್ಕನೆಯದಕ್ಕೆ ಕಾಲೆತ್ತಿದಾಗ ಹೆಂಡತಿ ಕೇಳಿದ್ದು ಒಂದೇ ಮಾತು. “ಈಸ್ಟು ಜಾಸ್ತಿ ಆಗ್ತಿಲ್ವಾ?”

ಕೊನೆಗೆ ಆ ದಿನ ಬಂತು.

ಪರೀಕ್ಷೆಗೆ ಮೊದಲು ಐದು ನಿಮಿಷ ಬೆನ್ನಾನಿಸಿ, ಕಾಲು ನೆಲಕ್ಕೂರಿ, ಮಾತಿಲ್ಲದೆ ಕೂರಬೇಕು ಎಂದರು ನರ್ಸಮ್ಮ. ಮಾತಾಡಿದರೆ ಬಿಪಿ ಹೆಚ್ಚು ತೋರಿಸುತ್ತದೆ. ನಾಲ್ಕು ವಾರ ಮಾತೇ ಮದ್ದಾಗಿದ್ದವನಿಗೆ ಈಗ ಬಾಯಿ ಕಟ್ಟಬೇಕಾಯಿತು. ಒಂದನೆಯ ನಿಮಿಷದಲ್ಲಿ ಅವನು ಗೋಡೆಯ ಬಿರುಕು ಎಣಿಸಿದ. ಎರಡನೆಯದರಲ್ಲಿ ಮಗಳ ಶಾಲೆಯ ಗಂಟೆ ಕೇಳಿಸಿತು. ಮೂರನೆಯದರಲ್ಲಿ ಭಟ್ಟಿಯ ಇಟ್ಟಿಗೆಗಳು ಕಣ್ಣ ಮುಂದೆ ಬಂದವು. ಪಕ್ಕದಲ್ಲಿ ಕೂತ ಹೆಂಡತಿ ಅವನನ್ನು ನೋಡಲಿಲ್ಲ. ಅವಳ ಕೈ ಮಾತ್ರ ಹಿಟ್ಟು ನಾದುವಂತೆ ಸೆರಗಿನ ತುದಿಯನ್ನು ನಾದುತ್ತಿತ್ತು.

ಪಟ್ಟಿ ಬಿಗಿಯಿತು, ಸಡಿಲವಾಯಿತು. ಡಾಕ್ಟರು ಎರಡು ನಿಮಿಷ ಬಿಟ್ಟು ಇನ್ನೊಂದು ಸಲ ನೋಡಿದರು. ನೂರ ಮೂವತ್ತಾರು, ಕೆಳಗಿನದು ಎಂಬತ್ತಾರು.

ಡಾಕ್ಟರು ಪೆನ್ನು ತೆಗೆದು, ಸಹಿ ಹಾಕುತ್ತ, ಇದು ಬರೀ ನಡಿಗೆಯ ಪವಾಡ ಅಂದುಕೊಳ್ಳಬೇಡಿ ಎಂದರು. ಮಾತ್ರೆಯ ಪಾಲಿದೆ, ಉಪ್ಪು ಕಡಿಮೆ ಮಾಡಿದ ಪಾಲಿದೆ, ಎತ್ತರಕ್ಕೆ ದೇಹ ಒಗ್ಗಿದ ಪಾಲಿದೆ, ನಡಿಗೆಯ ಪಾಲೂ ಇದೆ. ಯಾವುದನ್ನೂ ಬಿಡುವ ಹಾಗಿಲ್ಲ, ತಿಂಗಳಿಗೊಮ್ಮೆ ಬಂದು ತೋರಿಸಬೇಕು. ಬನ್ನಣ್ಣ ಈ ಸಲ ಕೊನೆಯ ಮಾತಿನವರೆಗೂ ಕೂತು ಕೇಳಿದ. ಬಾಗಿಲು ದಾಟುವ ಮುಂಚೆ ನರ್ಸಮ್ಮನ ಮೇಜಿನ ಮೇಲೆ ಒಂದು ಪೊಟ್ಟಣ ಇಟ್ಟ. ಒಳಗೆ ಆರು ಬನ್ನು, ಉಪ್ಪು ಕಡಿಮೆ ಮಾಡಿದ್ದು.

ಹೊರಗೆ ಬಂದಾಗ ಬಿಸಿಲು ಮೆಟ್ಟಿಲ ಮೇಲೆಲ್ಲ ಚೆಲ್ಲಿತ್ತು. ಮೇಲಿನ ಕಿಟಕಿಯಲ್ಲಿ ಅತ್ತೆಯ ತಲೆ ಕಾಣುತ್ತಿತ್ತು. ಬನ್ನಣ್ಣ ಪತ್ರವನ್ನು ಎತ್ತಿ ಹಿಡಿದು ಬೀಸಿದ. ಸಂತೋಷ ತಡೆಯದೆ ಕಾಲು ತಾನಾಗಿ ಓಡಿತು. ಒಂದು, ಎರಡು, ಮೂರು, ಆರು ಮೆಟ್ಟಿಲು. ಏಳನೆಯದಕ್ಕೆ ನಿಂತ. ಹಿಂದಿರುಗಿ ನೋಡಿದ. ಹೆಂಡತಿ ಸೊಂಟದ ಮೇಲೆ ಕೈಯಿಟ್ಟು, ಅದೇ ಹಳೆಯ ನಡೆಯಲ್ಲಿ ಬರುತ್ತಿದ್ದಳು.

ಅವಳು ಪಕ್ಕಕ್ಕೆ ಬರುವವರೆಗೆ ಕಾದು, ಉಸಿರು ಸರಿಮಾಡಿಕೊಂಡು, ಅವನು ಕಾಲು ಮುಂದಿಟ್ಟ.

“ಒಂದು ಊರಲ್ಲಿ ಒಬ್ಬ ಬೇಕರಿಯವನಿದ್ದ,” ಎಂದು ಶುರುಮಾಡಿದ. “ಬ್ರೆಡ್ಡಿಗೆ ಹೇಳಿದ ಬುದ್ಧೀನ ತನಗೆ ತಾನು ಹೇಳಿಕೊಳ್ಳೋಕೆ ಅವನಿಗೆ ಮೂರು ತಿಂಗಳು ಬೇಕಾಯ್ತು.”

ಮೇಲಿನ ಬೀದಿ ಮುಟ್ಟುವವರೆಗೂ ಅವನ ವಾಕ್ಯ ಎಲ್ಲಿಯೂ ತುಂಡಾಗಲಿಲ್ಲ.

ಇಷ್ಟು ಓದಿದ, ಅಥವಾ ಯಾರೋ ಓದಿದ್ದನ್ನು ಕೇಳಿದ ಅಕ್ಕಂದಿರೇ, ಅಣ್ಣಂದಿರೇ, ನೀವಿರುವುದು ಬೆಟ್ಟದ ಮೇಲಿನ ಊರಾಗಿರಬಹುದು. ಕೆಲಸಕ್ಕೋ ನೆಂಟರ ಮನೆಗೋ ಎತ್ತರದ ಜಾಗಕ್ಕೆ ಹೊರಟಿರಬಹುದು. ಹೋದ ಮೊದಲ ಎರಡು ಮೂರು ದಿನ ಮೈಗೆ ಹೊತ್ತು ಕೊಡಿ. ಆಮೇಲೆ ಕೂತೇ ಇರಬೇಡಿ, ಓಡಲೂ ಬೇಡಿ. ಮಾತು ತುಂಡಾಗದ ವೇಗದಲ್ಲಿ ದಿನವೂ ನಡೆಯಿರಿ, ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ, ವಾರಕ್ಕೊಂದು ದಿನ ಬಿಡುವು ಕೊಡಿ. ಕೆಳಗಿನ ಊರಿನ ವೇಗವನ್ನು ಮೇಲಕ್ಕೆ ಹೊತ್ತೊಯ್ಯಬೇಡಿ. ಬಿಪಿ, ಎದೆ ಅಥವಾ ಉಸಿರಿನ ತೊಂದರೆ ಇದ್ದವರು, ಬಸುರಿಯರು, ಹೊರಡುವ ಮುಂಚೆಯೇ ಡಾಕ್ಟರರನ್ನು ಕೇಳಿ, ಮಾತ್ರೆಯನ್ನು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ಎದೆ ನೋವು, ಸುಮ್ಮನೆ ಕೂತಾಗಲೂ ಏದುಸಿರು, ಬಿಡದ ಕೆಮ್ಮು, ಸಹಿಸಲಾಗದ ತಲೆನೋವು, ನಡೆಯುವಾಗ ತೂರಾಟ, ಮಾತಿನಲ್ಲಿ ಗಲಿಬಿಲಿ, ಇವುಗಳಲ್ಲಿ ಒಂದು ಕಂಡರೂ ನಡಿಗೆ ಅಲ್ಲಿಗೇ ನಿಲ್ಲಿಸಿ, ತಡಮಾಡದೆ ಆಸ್ಪತ್ರೆಗೆ ಹೋಗಿ. ಎತ್ತರದ ಜಾಗದಲ್ಲಿದ್ದರೆ ಜೊತೆಗೊಬ್ಬರನ್ನು ಕರೆದುಕೊಂಡು ಕೆಳಗಿಳಿಯಿರಿ.

ನಿಮ್ಮ ಬೀದಿಯ ಆರೋಗ್ಯ ಕೇಂದ್ರದ ಬಾಗಿಲು ಯಾವ ಬಣ್ಣದ್ದೇ ಇರಲಿ, ಈ ವಾರ ಒಂದು ಸಲ ತಟ್ಟಿ. ತೋಳಿಗೆ ಪಟ್ಟಿ ಕಟ್ಟಿಸಿಕೊಳ್ಳಿ. ಐದು ನಿಮಿಷ ಮಾತಾಡದೆ ಕೂತಿರಿ. ಆಮೇಲೆ ಮನೆಗೆ ನಡೆಯುತ್ತ, ದಾರಿಯುದ್ದಕ್ಕೂ ಬೇಕಾದಷ್ಟು ಮಾತಾಡಿ.